ಪಲ್ಟನಿನ ವಂಶಾವಳಿ, ಸಿಪಾಯಿಯ ಕಸುಬು

1971ರ ಡಿಸೆಂಬರ್ 11ರ ಸಂಜೆ ಪೂರ್ವ ಬಂಗಾಳದ ಟಾಂಗೈಲ್ ಬಳಿ ಪ್ಯಾರಾಚೂಟಿನಲ್ಲಿ ಇಳಿದು ಪೂಂಗ್ಲಿ ಸೇತುವೆಯನ್ನು ಹಿಡಿದ 2 ಪ್ಯಾರಾ ಬೆಟಾಲಿಯನ್ ಸೇನೆಯ ದಾಖಲೆಯ ಪ್ರಕಾರ ಹುಟ್ಟಿದ್ದು 1797ರಲ್ಲಿ. ಆಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಇನ್ನೂ ಆಳುತ್ತಿದ್ದ. ಆಕಾಶದಿಂದ ಇಳಿದು ಯುದ್ಧ ಮಾಡುವ ಮಾತು ಯಾರ ಕನಸಿನಲ್ಲೂ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೈನ್ಯದಲ್ಲಿ ಕಾಲಾಳು ಪಲ್ಟನಾಗಿ ಶುರುವಾದ ಅದು ಮುಂದೆ 10ನೇ ಬಾಂಬೆ ಪಲ್ಟನ್ ಎನಿಸಿಕೊಂಡಿತು. 1903ರಲ್ಲಿ ಆಗಿನ ಮಹಾದಂಡನಾಯಕ ಕಿಚನರ್ ಇಡೀ ಭಾರತೀಯ ಸೈನ್ಯಕ್ಕೆ ಒಂದೇ ಸಾಲಿನ ಸಂಖ್ಯೆ ಕೊಡಲು ಹೊರಟಾಗ ಬಾಂಬೆಯವರ ಹಳೆಯ ಸಂಖ್ಯೆಗಳಿಗೆ ನೂರು ಕೂಡಿಸಲಾಯಿತು, ಹೀಗಾಗಿ 110ನೇ ಮರಾಠಾ ಲೈಟ್ ಇನ್ಫೆಂಟ್ರಿ ಆಯಿತು. 1922ರಲ್ಲಿ ಒಂಟಿ ಪಲ್ಟನುಗಳನ್ನೆಲ್ಲ ದೊಡ್ಡ ರೆಜಿಮೆಂಟುಗಳಿಗೆ ಸೇರಿಸಿದಾಗ ಅದು 5ನೇ ಮರಾಠಾ ಲೈಟ್ ಇನ್ಫೆಂಟ್ರಿಯ ಮೂರನೇ ಬೆಟಾಲಿಯನ್. ಆ ರೆಜಿಮೆಂಟಿನ ತರಬೇತಿ ಬೆಟಾಲಿಯನ್ ನೆಲೆಯೂರಿದ ಬೆಳಗಾವಿಯಲ್ಲೇ ಇವತ್ತಿಗೂ ಮರಾಠಾ ಲೈಟ್ ಇನ್ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇದೆ. 1952ರಲ್ಲಿ ಪ್ಯಾರಾಚೂಟ್ ರೆಜಿಮೆಂಟ್ ಕಟ್ಟಿದಾಗ ಅದು 2 ಪ್ಯಾರಾ ಆಯಿತು. ಹೆಸರು, ಸಂಖ್ಯೆ, ಸಮವಸ್ತ್ರ, ಆಯುಧ, ರಣರಂಗ ತಲುಪುವ ದಾರಿ ಯಾವುದೂ ಮೊದಲಿನಂತೆ ಉಳಿಯಲಿಲ್ಲ. ಜನರಂತೂ ಉಳಿಯಲೇ ಇಲ್ಲ. 1916ರ ಏಪ್ರಿಲ್ 29ರಂದು ಮೆಸಪೊಟೇಮಿಯಾದ ಕೂತ್‌ನಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು ಸುಮಾರು 13 ಸಾವಿರ ಮಂದಿ ತುರ್ಕಿಗಳಿಗೆ ಶರಣಾದರು. ಅವರೊಂದಿಗೆ 103, 110 ಮತ್ತು 117ನೇ ಮರಾಠಾ ಪಲ್ಟನುಗಳೂ ಸೆರೆಯಾದವು. ಹೊಸಬರನ್ನು ತುಂಬಿಕೊಂಡು ಪಲ್ಟನುಗಳನ್ನು ಮತ್ತೆ ಕಟ್ಟಲಾಯಿತು, ದಾಖಲೆಯಲ್ಲಿ ಹಳೆಯ ಎಳೆ ಮಾತ್ರ ಕಡಿಯಲಿಲ್ಲ.

ಹಾಗಾದರೆ 1797ರಿಂದ ಇಂದಿನವರೆಗೆ ಮುಂದುವರಿದದ್ದು ಏನು? ಇದು ಇತಿಹಾಸದ ಹವ್ಯಾಸಿಗಳಿಗೆ ಬಿಟ್ಟುಬಿಡಬಹುದಾದ ಪ್ರಶ್ನೆಯಲ್ಲ. 2022ರ ಜೂನ್‌ನಲ್ಲಿ ಸಿಪಾಯಿಗಳನ್ನು ನಾಲ್ಕು ವರ್ಷಕ್ಕೆ ಭರ್ತಿ ಮಾಡುವ ಅಗ್ನಿಪಥ ಯೋಜನೆ ಘೋಷಣೆಯಾದಾಗಿನಿಂದ ಸೇನೆಯ ಸುತ್ತ ಎದ್ದಿರುವ ವಾದಗಳಲ್ಲಿ ಬಹುಪಾಲು ಇದರ ಮೇಲೆಯೇ ನಿಂತಿವೆ. ಯಾವುದೇ ದೊಡ್ಡ ಸೈನ್ಯ ತನ್ನ ಸಿಪಾಯಿಯನ್ನು ಎರಡು ರಿಜಿಸ್ಟರುಗಳಲ್ಲಿ ಬರೆದಿಡುತ್ತದೆ. ಅವನು ಮಾಡುವ ಕೆಲಸ ಒಂದರಲ್ಲಿ, ಅವನು ಸೇರಿದ ಪಲ್ಟನ್ ಇನ್ನೊಂದರಲ್ಲಿ. ಮೊದಲನೆಯದು ಟ್ರೇಡ್, ಎರಡನೆಯದು ವಂಶಾವಳಿ. ವಂಶಾವಳಿ ಎಂದ ಕೂಡಲೇ ಅದು ಜಾತಿ, ಪ್ರಾಂತ್ಯ, ರಕ್ತ ಎಂದುಕೊಳ್ಳುವವರು ಹೆಚ್ಚು. ಪಲ್ಟನುಗಳ ಚರಿತ್ರೆ ಹೇಳುವುದೇ ಬೇರೆ. ಅದು ಕಚೇರಿಯ ತೀರ್ಮಾನವೊಂದು ಕಾಗದದ ಮೇಲೆ ಕಟ್ಟಿದ್ದು, ಮತ್ತು ದೀರ್ಘಕಾಲ ಜೊತೆಗಿದ್ದ ಮನುಷ್ಯರು ನಿಜ ಮಾಡಿದ್ದು. ಈ ಎರಡರಲ್ಲಿ ಯಾವುದನ್ನು ತೆಗೆದರೆ ಪಲ್ಟನ್ ಕುಸಿಯುತ್ತದೆ ಎಂಬುದು ಗೊತ್ತಾದರೆ, ಈಗಿನ ಸುಧಾರಣೆಗಳಲ್ಲಿ ಹೆದರಬೇಕಾದದ್ದು ಯಾವುದಕ್ಕೆ, ಹೆದರಬೇಕಿಲ್ಲದ್ದು ಯಾವುದಕ್ಕೆ ಎಂಬುದೂ ಗೊತ್ತಾಗುತ್ತದೆ.

ಟ್ರೇಡಿನ ಮಾತು ಮೊದಲು. ಸೇನಾ ಭರ್ತಿ ರ‍್ಯಾಲಿಯ ಪ್ರಕಟಣೆ ಓದಿದವರಿಗೆ ಪಟ್ಟಿ ಬಾಯಿಪಾಠ: ಜನರಲ್ ಡ್ಯೂಟಿ, ಟೆಕ್ನಿಕಲ್, ಕ್ಲರ್ಕ್ ಮತ್ತು ಸ್ಟೋರ್‌ಕೀಪರ್, ಟ್ರೇಡ್ಸ್‌ಮನ್. ಒಂದೊಂದಕ್ಕೂ ಬೇರೆ ಬೇರೆ ವಿದ್ಯಾರ್ಹತೆ. ಎಂಟನೇ ತರಗತಿ ಪಾಸಾದವನಿಗೆ ಹೌಸ್‌ಕೀಪರ್ ಮತ್ತು ಮೆಸ್‌ಕೀಪರ್ ಕೆಲಸ, ಹತ್ತನೆಯದಾದವನಿಗೆ ಅಡುಗೆ, ಕ್ಷೌರ, ದರ್ಜಿ, ಬಟ್ಟೆ ಒಗೆಯುವ ಮುಂತಾದ ಟ್ರೇಡುಗಳು. ಈ ಕೊನೆಯ ಸಾಲನ್ನು ನಿಧಾನವಾಗಿ ಓದಬೇಕು. ಬ್ರಿಟಿಷರ ಕಾಲದಲ್ಲಿ ಇವರೆಲ್ಲ ಸೈನಿಕರೆಂದೇ ಎಣಿಕೆಗೆ ಬರದ ‘ಫಾಲೋವರ್’ಗಳು, ಬಂಡಿಯ ಹಿಂದೆ ನಡೆದ ಭಿಸ್ತಿ, ಧೋಬಿ, ಮೋಚಿ, ಸಯೀಸರು. ಊರಿನ ಜಾತಿವಾರು ಕಸುಬುಗಳೇ ದಂಡಿನೊಳಗೂ ಹೊಕ್ಕಿದ್ದವು. ಇಂದು ಅವರೂ ಸಮವಸ್ತ್ರ ತೊಟ್ಟ, ರೈಫಲ್ ಹಿಡಿಯಬಲ್ಲ ಯೋಧರು. ಚರ್ಮದ ಚೀಲದಲ್ಲಿ ನೀರು ಹೊರುತ್ತಿದ್ದ ಭಿಸ್ತಿಯ ಟ್ರೇಡ್ ಕಾಲದೊಂದಿಗೆ ಸತ್ತಿತು, ರೇಡಾರ್ ಮೆಕ್ಯಾನಿಕ್ಕಿನ ಟ್ರೇಡ್ ಹುಟ್ಟಿತು. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಲ್ಲಿ 83 ಮಹಿಳೆಯರ ಮೊದಲ ತಂಡ ಹೊರಬಿದ್ದಾಗ ಟ್ರೇಡುಗಳ ಪಟ್ಟಿಗೆ ಇನ್ನೊಂದು ಸಾಲು ಸೇರಿತ್ತು. ಟ್ರೇಡ್ ಇರುವುದೇ ಬದಲಾಗಲಿಕ್ಕೆ. ಆಯುಧ ಬದಲಾದರೆ ಅದೂ ಬದಲಾಗಬೇಕು, ಒಂದು ಘಟಕದ ಡ್ರೈವರ್ ಇನ್ನೊಂದಕ್ಕೆ ಹೋದರೂ ಗಾಡಿ ಓಡಬೇಕು. ಟ್ರೇಡಿನ ದೃಷ್ಟಿಯಲ್ಲಿ ಒಂದೇ ಟ್ರೇಡಿನ, ಒಂದೇ ದರ್ಜೆಯ ಇಬ್ಬರು ಒಂದೇ.

ಆದರೆ ಗುಂಡು ಹಾರತೊಡಗಿದಾಗ ಇಬ್ಬರು ಒಂದೇ ಅಲ್ಲ. ಪಕ್ಕದ ಬಂಕರಿನಲ್ಲಿರುವವನು ಓಡಿಹೋಗುವುದಿಲ್ಲ ಎಂಬ ಭರವಸೆಯನ್ನು ಯಾವ ವಿದ್ಯಾರ್ಹತೆಯೂ ಕೊಡುವುದಿಲ್ಲ. ಅದಕ್ಕೇ ಎರಡನೇ ರಿಜಿಸ್ಟರು. ನಮ್ಮ ಸೇನೆ ಅದನ್ನು ‘ನಾಮ್, ನಮಕ್, ನಿಶಾನ್’ ಎಂಬ ಮೂರು ಮಾತಿನಲ್ಲಿ ಕಲಿಸುತ್ತದೆ. ನಮಕ್ ಎಂದರೆ ಉಂಡ ಉಪ್ಪಿನ ಋಣ, ನಿಶಾನ್ ಎಂದರೆ ಬಾವುಟ, ನಾಮ್ ಎಂದರೆ ಪಲ್ಟನಿನ ಹೆಸರು. ಆ ಹೆಸರನ್ನು ಯಾರು, ಹೇಗೆ, ಎಷ್ಟು ಸಲ ಬದಲಿಸಿದರು ಎಂದು ನೋಡಿದರೆ ಬೆರಗಾಗುತ್ತದೆ. ಮದ್ರಾಸ್ ರೆಜಿಮೆಂಟ್ ತಾನು 1758ಕ್ಕೆ ಸೇರಿದ್ದೆಂದೂ ಭಾರತೀಯ ಕಾಲಾಳು ರೆಜಿಮೆಂಟುಗಳಲ್ಲಿ ಅತ್ಯಂತ ಹಳೆಯದೆಂದೂ ಹೇಳಿಕೊಳ್ಳುತ್ತದೆ. ಆದರೆ 1920ರ ದಶಕದ ಕೊನೆಯ ಹೊತ್ತಿಗೆ 3ನೇ ಮದ್ರಾಸ್ ರೆಜಿಮೆಂಟಿನ ಪಲ್ಟನುಗಳನ್ನೆಲ್ಲ ವಿಸರ್ಜಿಸಲಾಗಿತ್ತು. ಕಾರಣವಾಗಿ ಕೊಟ್ಟದ್ದು ಖರ್ಚಿನ ಮಾತು. ಅದರ ಹಿಂದೆ, ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಲ್ಲ ಎಂಬ ‘ಸಮರ ಜನಾಂಗ’ದ ಸಿದ್ಧಾಂತವಿತ್ತು. 1881ರಿಂದ 85ರವರೆಗೆ ಮದ್ರಾಸ್ ಸೈನ್ಯದ ಮುಖ್ಯಸ್ಥನಾಗಿದ್ದ ಫ್ರೆಡರಿಕ್ ರಾಬರ್ಟ್ಸ್ ಅದರ ದೊಡ್ಡ ಪ್ರಚಾರಕ. ಎರಡನೇ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ, 1941ರ ಸುಮಾರಿಗೆ, ಅದೇ ಹೆಸರಿನಲ್ಲಿ ಹೊಸ ಪಲ್ಟನುಗಳು ಎದ್ದವು. ನಡುವಿನ ಖಾಲಿ ವರ್ಷಗಳ ಮೇಲೆ ಸೇತುವೆ ಹಾಕಿದ್ದು ಒಂದು ತೀರ್ಮಾನ, ಅಷ್ಟೇ. ಮುಂದೆ ಸ್ವತಂತ್ರ ಭಾರತದಲ್ಲಿ ಆ ರೆಜಿಮೆಂಟಿನ ಮೊದಲನೇ ಬೆಟಾಲಿಯನನ್ನೇ ಕಿತ್ತು ಮೆಕನೈಸ್ಡ್ ಇನ್ಫೆಂಟ್ರಿಯ ಮೊದಲನೇ ಬೆಟಾಲಿಯನ್ ಮಾಡಲಾಯಿತು.

ಇನ್ನೊಂದು ಉದಾಹರಣೆ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಸೇರಿದ್ದ ಹೈದರಾಬಾದಿನದು. ಅಲ್ಲಿನ ಬ್ರಿಟಿಷ್ ರೆಸಿಡೆಂಟ್ ಹೆನ್ರಿ ರಸೆಲ್ 1813ರಲ್ಲಿ ಕಟ್ಟಿದ ರಸೆಲ್ ಬ್ರಿಗೇಡ್ ಮುಂದೆ ಹೈದರಾಬಾದ್ ಕಂಟಿಂಜೆಂಟಿನ ಭಾಗವಾಯಿತು. 1922ರಲ್ಲಿ ಆ ಪಲ್ಟನುಗಳು 19ನೇ ಹೈದರಾಬಾದ್ ರೆಜಿಮೆಂಟ್ ಆದವು. ಅಷ್ಟು ಹೊತ್ತಿಗೆ ದಖ್ಖನ್ನಿನ ಭರ್ತಿ ನಿಂತು ಕುಮಾವೂಂ ಗುಡ್ಡಗಾಡಿನವರು, ಅಹೀರರು, ಜಾಟರು ತುಂಬಿಕೊಳ್ಳತೊಡಗಿದ್ದರು. 1945ರಲ್ಲಿ ಹೆಸರನ್ನೂ ಕುಮಾವೂಂ ರೆಜಿಮೆಂಟ್ ಎಂದು ಬದಲಿಸಿದರು. ಈಗ ಅದರ ಕೇಂದ್ರ ಇರುವುದು ಹಿಮಾಲಯದ ತಪ್ಪಲಿನ ರಾಣಿಖೇತಿನಲ್ಲಿ. ಮೂಲ ದಖ್ಖನ್ನಿನದು, ಹೆಸರು ಹಿಮಾಲಯದ್ದು, ವಂಶಾವಳಿ ಮಾತ್ರ ಒಂದೇ. ಮೈಸೂರಿನ ಕುದುರೆ ದಳದ ಕತೆಯೂ ಹೀಗೆಯೇ. 1918ರ ಸೆಪ್ಟೆಂಬರ್ 23ರಂದು ಜೋಧಪುರ್ ಲ್ಯಾನ್ಸರ್ಸ್ ಜೊತೆ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟ ಮೈಸೂರು ಲ್ಯಾನ್ಸರ್ಸ್ ಸ್ವಾತಂತ್ರ್ಯಾನಂತರ ಬೇರೆ ಸಂಸ್ಥಾನಗಳ ಕುದುರೆ ಪಡೆಗಳೊಂದಿಗೆ ಕರಗಿ, 1953ರಲ್ಲಿ ರೂಪುಗೊಂಡ 61ನೇ ಕ್ಯಾವಲ್ರಿಯಲ್ಲಿ ಲೀನವಾಯಿತು. ಜೈಪುರದಲ್ಲಿರುವ ಆ ರೆಜಿಮೆಂಟಿನ ಸವಾರರು ಮುಖ್ಯವಾಗಿ ರಜಪೂತ, ಕಾಯಮ್‌ಖಾನಿ, ಮರಾಠಾ ಸಮುದಾಯಗಳವರು. ಮೈಸೂರಿನ ಗೆಲುವನ್ನು ಪ್ರತಿವರ್ಷ ನೆನೆಯುವ ಕೆಲಸ ಅವರ ಪಾಲಿಗೆ ಬಂದಿದೆ, ಅವರು ಅದನ್ನು ತಪ್ಪದೆ ಮಾಡುತ್ತಾರೆ ಕೂಡ.

ಇದೆಲ್ಲ ಬರೀ ಕಟ್ಟುಕತೆಯಾಯಿತಲ್ಲ ಎಂಬ ಆಕ್ಷೇಪ ಇಲ್ಲಿ ಏಳುವುದು ಸಹಜ. ಗುಮಾಸ್ತನೊಬ್ಬ ಕಡತದಲ್ಲಿ ಬರೆದ ಮಾತಿಗೆ ಜನ ಪ್ರಾಣ ಕೊಡಬೇಕೆ? ಅಮೆರಿಕದವರು ಈ ವಿಷಯದಲ್ಲಿ ನಮಗಿಂತ ನೇರ. ಅಲ್ಲಿ ಸೇನೆಯ ಇತಿಹಾಸ ಕೇಂದ್ರವೇ ಘಟಕಗಳಿಗೆ ‘ಇಂಥ ವಂಶ, ಇಂಥ ಗೌರವಗಳು’ ಎಂದು ಪ್ರಮಾಣಪತ್ರ ಕೊಡುತ್ತದೆ. ವಿಸರ್ಜನೆಯಾಗಿ ಹೋದ ಘಟಕ ವರ್ಷಗಳ ಮೇಲೆ ಬೇರೊಂದು ಊರಿನಲ್ಲಿ, ಬೇರೆ ಜನರೊಂದಿಗೆ ಮತ್ತೆ ಜೀವ ಪಡೆದರೂ ಹಳೆಯ ಪದಕಗಳು ಅದಕ್ಕೇ ಸಲ್ಲುತ್ತವೆ. ಕಾಗದದ ಮೇಲೆ ಕಟ್ಟಿದ್ದೆಲ್ಲ ಸುಳ್ಳು ಎನ್ನುವುದಾದರೆ ನಮ್ಮ ಮಠಗಳ ಗುರುಪರಂಪರೆಯೂ ಸುಳ್ಳಾಗಬೇಕು. ಅಲ್ಲಿ ಪೀಠ ಹೋಗುವುದು ದೀಕ್ಷೆ ಕೊಟ್ಟ ಶಿಷ್ಯನಿಗೆ. ಅವನು ಯಾವ ಮನೆಯಲ್ಲಿ ಹುಟ್ಟಿದ ಎಂಬುದು ಅಂದಿಗೇ ಕಳಚುತ್ತದೆ, ಆದರೂ ಪರಂಪರೆ ಮುರಿಯಿತೆಂದು ಯಾರೂ ಹೇಳುವುದಿಲ್ಲ. ಪಲ್ಟನಿನ ಪರಂಪರೆಯೂ ಕೊಟ್ಟು ತೆಗೆದುಕೊಳ್ಳುವಂಥದ್ದು. ಕಲಿಸಲು ಹಳಬರು ಇರಬೇಕು, ಕಲಿಯಲು ಹೊಸಬರಿಗೆ ಪುರುಸೊತ್ತು ಬೇಕು. ಈ ‘ಪುರುಸೊತ್ತು’ ಎಂಬುದು ಮುಂದಿನ ವಾದಕ್ಕೆ ಬೇಕಾಗುತ್ತದೆ.

ಎರಡನೇ ಆಕ್ಷೇಪ ಕನ್ನಡ ಓದುಗರಿಗೆ ಹೆಚ್ಚು ಚುಚ್ಚುವಂಥದ್ದು. ಮದ್ರಾಸ್ ಮತ್ತು ಬಾಂಬೆ ಸೈನ್ಯಗಳ ಎಷ್ಟೋ ಹಳೆಯ ಪಲ್ಟನುಗಳ ಯುದ್ಧಗೌರವಗಳ ಸಾಲಿನಲ್ಲಿ ‘ಮೈಸೂರು’, ‘ಸೆರಿಂಗಪಟಂ’ ಎಂಬ ಹೆಸರುಗಳಿದ್ದವು. ಎಂದರೆ ಟಿಪ್ಪುವನ್ನು ಸೋಲಿಸಿದ್ದಕ್ಕೆ ಸಿಕ್ಕ ಬಹುಮಾನ. 1780ಕ್ಕೆ ಬೇರು ಹೇಳುವ, ಬೆಂಗಳೂರನ್ನೇ ಮನೆ ಮಾಡಿಕೊಂಡ ಮದ್ರಾಸ್ ಸ್ಯಾಪರ್ಸ್‌ನ ಪೂರ್ವಜರು 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಿದವರೊಂದಿಗಿದ್ದರು. ಇಂಥ ವಂಶಾವಳಿಯನ್ನು ಹೊತ್ತು ತಿರುಗುವುದು ಮರ್ಯಾದೆಯೇ? ಸ್ವತಂತ್ರ ಭಾರತದ ಸೇನೆ ಇದಕ್ಕೆ ಕೊಟ್ಟ ಉತ್ತರ ನನಗೆ ಜಾಣತನದ್ದೆನಿಸುತ್ತದೆ. ಭಾರತೀಯರ ವಿರುದ್ಧವೇ ಹೋರಾಡಿ ಗಳಿಸಿದ ಗೌರವಗಳನ್ನು ಅದು ‘ಅಸಹ್ಯ’ ಎಂಬ ಪಟ್ಟಿಗೆ ಸೇರಿಸಿತು. ಅವುಗಳ ದಿನಾಚರಣೆ ಕೂಡದು. ಪಲ್ಟನಿನ ಜನ್ಮವರ್ಷವನ್ನು ಮಾತ್ರ ಅಳಿಸಲಿಲ್ಲ. ಇತಿಹಾಸ ನಡೆದದ್ದು ನಡೆದಿದೆ, ಯಾವುದನ್ನು ಹಬ್ಬ ಮಾಡಬೇಕೆಂಬುದು ನಮಗೆ ಬಿಟ್ಟದ್ದು ಎಂಬ ನಿಲುವು ಇದು. ವಂಶಾವಳಿ ತೀರ್ಮಾನದ ಫಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗದು. ರಕ್ತದ ವಂಶವಾಗಿದ್ದರೆ ಅಜ್ಜಂದಿರಲ್ಲಿ ಬೇಕಾದವರನ್ನಷ್ಟೇ ಆರಿಸಿಕೊಳ್ಳಲು ಬರುತ್ತಿರಲಿಲ್ಲ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಸಿಖ್, ಗೂರ್ಖಾ, ಡೋಗ್ರಾ, ಗಢವಾಲಿ ಪಲ್ಟನುಗಳ ಒಗ್ಗಟ್ಟಿನ ಗುಟ್ಟು ಒಂದೇ ಜನ, ಒಂದೇ ನುಡಿ, ಒಂದೇ ದೇವರು; ಅಗ್ನಿಪಥ ಯೋಜನೆಯಂತೆ ‘ಅಖಿಲ ಭಾರತ, ಎಲ್ಲ ವರ್ಗ’ ಎಂದು ಭರ್ತಿ ಮಾಡಿದರೆ ಆ ಒಗ್ಗಟ್ಟು ಒಡೆಯುತ್ತದೆ ಎಂದು ನಿವೃತ್ತ ಅಧಿಕಾರಿಗಳಲ್ಲಿ ಅನೇಕರು ಕಳವಳಪಡುತ್ತಾರೆ. ಈ ಕಳವಳವನ್ನು ತಳ್ಳಿಹಾಕುವಂತಿಲ್ಲ. ಆ ಪಲ್ಟನುಗಳ ಶೌರ್ಯ ಪ್ರಶ್ನಾತೀತ, ಊರಿನಲ್ಲಿ ಮುಖ ತೋರಿಸಬೇಕಲ್ಲ ಎಂಬ ಭಯವೂ ಒಂದು ಶಕ್ತಿಯೇ. ಆದರೆ ಒಂದೇ ಜನ ಎಂಬುದು ಒಗ್ಗಟ್ಟಿಗೆ ಸಾಕೂ ಅಲ್ಲ, ಬೇಕೇ ಬೇಕು ಎಂಬಂಥದ್ದೂ ಅಲ್ಲ. ಸಾಕಲ್ಲ ಎಂಬುದಕ್ಕೆ ಕೊಡಗನ್ನು ನೋಡಿ. ಹಳೆಯ ಮದ್ರಾಸ್ ಪಲ್ಟನೊಂದನ್ನು 1902ರಲ್ಲಿ ಬರೀ ಕೊಡಗಿನವರ ಪಲ್ಟನಾಗಿ ಮಾರ್ಪಡಿಸಿದರು. ಮರುವರ್ಷ ಕಿಚನರ್ ಮದ್ರಾಸಿನವರ ಸಂಖ್ಯೆಗಳಿಗೆ ಅರವತ್ತು ಕೂಡಿಸಿದಾಗ ಅದು 71ನೇ ಕೂರ್ಗ್ ರೈಫಲ್ಸ್ ಆಯಿತು. ಒಂದೇ ಜನಾಂಗ, ಒಂದೇ ನಾಡು, ಬಂದೂಕನ್ನು ಪೂಜಿಸುವ ಸಂಪ್ರದಾಯ ಎಲ್ಲವೂ ಇತ್ತು. 1904ರಲ್ಲೇ ಅದನ್ನು ಮುಚ್ಚಿದರು. ಸಣ್ಣ ನಾಡೊಂದರಿಂದ ಪಲ್ಟನಿಗೆ ಬೇಕಾದಷ್ಟು ಜನ ಬರಲಿಲ್ಲ.

ಬೇಕೇ ಬೇಕಲ್ಲ ಎಂಬುದಕ್ಕೂ ಕೊಡಗೇ ಸಾಕ್ಷಿ. ಆ ಪಲ್ಟನ್ ಮುಚ್ಚುವಾಗ ಕೊಡಂದೇರ ಕಾರ್ಯಪ್ಪ ಇನ್ನೂ ಪುಟ್ಟ ಹುಡುಗ. ಮುಂದೆ ಅವರಿಗೆ ಸೈನ್ಯದಲ್ಲಿ ಮನೆಯಾದದ್ದು ರಜಪೂತ ರೆಜಿಮೆಂಟ್. ಕೊಡಂದೇರ ತಿಮ್ಮಯ್ಯ ಬೆಳೆದದ್ದು ಹೈದರಾಬಾದ್ ರೆಜಿಮೆಂಟಿನಲ್ಲಿ, ಎಂದರೆ ಇಂದಿನ ಕುಮಾವೂಂನಲ್ಲಿ. ಅರಾಕಾನ್ ಕಾಳಗದಲ್ಲಿ ಅವರು ಮುನ್ನಡೆಸಿದ್ದು ಅದೇ ರೆಜಿಮೆಂಟಿನ ಎಂಟನೇ ಬೆಟಾಲಿಯನನ್ನು. ಇವರು ಅಧಿಕಾರಿಗಳು, ಸಿಪಾಯಿಗಳ ಮಾತು ಬೇರೆ ಎನ್ನಬಹುದು. ಆ ಮಾತಿಗೆ ಕಾರ್ಯಪ್ಪನವರೇ ಉತ್ತರ ಕೊಟ್ಟಿದ್ದಾರೆ. 1949ರ ಜನವರಿ 15ರಂದು ಮೊದಲ ಭಾರತೀಯ ಮಹಾದಂಡನಾಯಕರಾದ ಅವರು ಅದೇ ವರ್ಷ ಎಲ್ಲ ಪ್ರಾಂತ್ಯ, ಎಲ್ಲ ಜಾತಿಗಳ ಸಿಪಾಯಿಗಳು ಬೆರೆತ ಗಾರ್ಡ್ಸ್ ಬ್ರಿಗೇಡನ್ನು ಕಟ್ಟಿದರು. ಅದಕ್ಕೆ ಹೊಸ ಪಲ್ಟನುಗಳನ್ನು ಎಬ್ಬಿಸುವ ಬದಲು ಪಂಜಾಬ್, ಗ್ರೆನೇಡಿಯರ್ಸ್, ರಜಪೂತಾನಾ ರೈಫಲ್ಸ್, ರಜಪೂತ ರೆಜಿಮೆಂಟುಗಳ ಹಿರಿಯ ಪಲ್ಟನುಗಳನ್ನೇ ತಂದು ಸೇರಿಸಿದರು. ತಮ್ಮ ಸ್ವಂತ ಪಲ್ಟನಾದ 1 ರಜಪೂತನ್ನೂ ಬಿಡಲಿಲ್ಲ, ಅದು 4 ಗಾರ್ಡ್ಸ್ ಆಯಿತು. ಜನರನ್ನು ಬೆರೆಸಬೇಕಿದ್ದರೆ ಹೆಸರನ್ನು ಹಳೆಯದರಿಂದ ತರಬೇಕು ಎಂಬ ಮರ್ಮ ಅವರಿಗೆ ತಿಳಿದಿತ್ತು. 1971ರ ಡಿಸೆಂಬರ್‌ನಲ್ಲಿ ಹೆಲಿಕಾಪ್ಟರಿನಲ್ಲಿ ಮೇಘನಾ ನದಿ ದಾಟಿದ್ದು ಇದೇ 4 ಗಾರ್ಡ್ಸ್. ಅದೇ ಯುದ್ಧದಲ್ಲಿ ಗಂಗಾಸಾಗರದಲ್ಲಿ ಮಡಿದು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ 14 ಗಾರ್ಡ್ಸ್‌ನ ಲ್ಯಾನ್ಸ್ ನಾಯಕ್, ಛೋಟಾನಾಗಪುರದ ಆದಿವಾಸಿ, ಯಾವ ‘ಸಮರ ಜನಾಂಗ’ದ ಪಟ್ಟಿಯಲ್ಲೂ ಇಲ್ಲದವರು. ಸ್ಯಾಪರ್ಸ್ ಮತ್ತು ಮದ್ರಾಸ್ ರೆಜಿಮೆಂಟುಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ ಆಡುವವರು ಒಂದೇ ಬ್ಯಾರಕಿನಲ್ಲಿ ಬಹುಕಾಲದಿಂದ ಇದ್ದಾರೆ. ನುಡಿ ಬೇರೆಯಾದರೆ ಹುಕುಂ ಅರ್ಥವಾಗದೆಂಬ ಭಯಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ. ಒಂದೇ ಜನದ ಪಲ್ಟನಿಗೆ ತನ್ನದೇ ಅಪಾಯವೂ ಇದೆ. 1984ರ ಜೂನ್‌ನಲ್ಲಿ ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿದ ಸುದ್ದಿ ಬಂದಾಗ ಸಿಖ್ ರೆಜಿಮೆಂಟಿನ ರಾಮಗಢದ ಕೇಂದ್ರದಲ್ಲಿ ಮತ್ತು 9 ಸಿಖ್ ಪಲ್ಟನಿನಲ್ಲಿ ದಂಗೆ ಎದ್ದಿತು. ಸಮುದಾಯಕ್ಕೆ ಬಿದ್ದ ಪೆಟ್ಟು ನೇರವಾಗಿ ಪಲ್ಟನಿಗೇ ಬಿದ್ದಂತಾಗಿತ್ತು.

ಹಾಗಾಗಿ ಅಗ್ನಿಪಥದ ಭರ್ತಿಯಲ್ಲಿ ಜಾತಿ, ಪ್ರಾಂತ್ಯಗಳು ಬೆರೆಯುವುದರ ಬಗ್ಗೆ ನನಗೆ ಹೆದರಿಕೆಯಿಲ್ಲ. ಹೆದರಿಕೆ ಇರುವುದು ಅದೇ ಯೋಜನೆಯ ಇನ್ನೊಂದು ಕಲಮಿನ ಬಗ್ಗೆ: ನಾಲ್ಕು ವರ್ಷ ಸೇವೆ, ಆಮೇಲೆ ಗರಿಷ್ಠ ಶೇ 25 ಮಂದಿಗೆ ಮಾತ್ರ ಖಾಯಂ. ಹಿಂದೆ ಸಿಪಾಯಿಗೆ ಪಿಂಚಣಿ ಸಿಗಲು ಹದಿನೈದು ವರ್ಷ ಬೇಕಿತ್ತು. ಆ ಹದಿನೈದು ವರ್ಷಗಳಲ್ಲಿ ಅವನು ಒಂದೇ ಪಲ್ಟನಿನಲ್ಲಿ ಹೊಸಬನಾಗಿ ಬಂದು, ನಾಯಕ್ ಆಗಿ, ಹವಾಲ್ದಾರನಾಗಿ ತನ್ನ ಕೆಳಗಿನವರಿಗೆ ಪಲ್ಟನಿನ ನಡೆನುಡಿ ಕಲಿಸಿ ಹೋಗುತ್ತಿದ್ದ. ಈಗ ತರಬೇತಿ, ರಜೆಗಳನ್ನು ಕಳೆದರೆ ಈ ಯೋಜನೆಯ ಸಿಪಾಯಿಯಾದ ಅಗ್ನಿವೀರನಿಗೆ ಪಲ್ಟನಿನಲ್ಲಿ ಸಿಗುವುದು ಸುಮಾರು ಮೂರು ವರ್ಷವಷ್ಟೇ, ಅದರಲ್ಲೂ ಉಳಿಯುವ ನಾಲ್ಕರಲ್ಲಿ ಒಬ್ಬ ತಾನಾಗಬೇಕೆಂಬ ಪೈಪೋಟಿ. ಪಕ್ಕದವನು ಗೆಳೆಯನೋ, ತನ್ನ ಜಾಗ ಕಸಿಯುವವನೋ ಎಂಬ ಗೊಂದಲದಲ್ಲಿ ಪರಂಪರೆ ಕೈಬದಲಾಗುವುದು ಕಷ್ಟ.

ಬೇರೆ ದೇಶಗಳಲ್ಲೂ ಅಲ್ಪಾವಧಿ ಸೇವೆ ಇದೆಯಲ್ಲ ಎನ್ನುತ್ತಾರೆ ಯೋಜನೆಯ ಸಮರ್ಥಕರು. ಇದೆ. ಆದರೆ ಅಮೆರಿಕದಲ್ಲಿ ಮೊದಲ ಅವಧಿ ಮುಗಿಸಿದವನು ಮುಂದುವರಿಯಲು ಬಯಸಿದರೆ ಮತ್ತೆ ಸಹಿ ಹಾಕುವ ದಾರಿ ಉಂಟು, ಇಂತಿಷ್ಟೇ ಮಂದಿ ಎಂಬ ಗೋಡೆಯನ್ನು ಮೊದಲ ದಿನವೇ ಕಟ್ಟಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಸೈನ್ಯ ಟ್ರೇಡಿನ ರಿಜಿಸ್ಟರನ್ನೇ ನಂಬಿ ಕೈ ಸುಟ್ಟುಕೊಂಡದ್ದಿದೆ. ಅಲ್ಲಿ ಪ್ರತಿಯೊಬ್ಬನಿಗೂ ಕಸುಬಿನ ಸಂಕೇತ ಇರುತ್ತದೆ. ಕಾಲಾಳಿನದು 11ಬಿ. ವಿಯೆಟ್ನಾಂ ಯುದ್ಧಕ್ಕೆ ಒಂದು ಘಟಕವನ್ನು ಇಡಿಯಾಗಿ ಬದಲಿಸುವ ಬದಲು 11ಬಿ ಹೋದ ಕಡೆ ಇನ್ನೊಬ್ಬ 11ಬಿ ಎಂಬ ಲೆಕ್ಕದಲ್ಲಿ ಒಬ್ಬೊಬ್ಬರನ್ನೇ ತಲಾ ಒಂದು ವರ್ಷಕ್ಕೆ ಕಳಿಸಿದರು. ಸಂಕೇತ ಸರಿಹೊಂದಿದರೂ ಮನಸ್ಸು ಹೊಂದಲಿಲ್ಲ. ತುಕಡಿಗಳಲ್ಲಿ ಒಬ್ಬರಿಗೊಬ್ಬರ ಗುರುತೇ ಇಲ್ಲದಂತಾಯಿತೆಂದು ಅಲ್ಲಿನ ಸೇನಾ ಚಿಂತಕರೇ ಆಮೇಲೆ ಟೀಕಿಸಿದರು. 1981ರಲ್ಲಿ ಅಮೆರಿಕ ತನ್ನ ರೆಜಿಮೆಂಟು ಪದ್ಧತಿಯನ್ನು ಹೊಸದಾಗಿ ಕಟ್ಟಲು ಹೊರಟದ್ದಕ್ಕೆ ಈ ಅನುಭವವೂ ಒಂದು ಕಾರಣ. ನಾವು ಈಗಾಗಲೇ ಇರುವುದನ್ನು ಸಡಿಲಿಸುತ್ತಿರುವಾಗ ಇದನ್ನು ಓದುವುದು ಒಳ್ಳೆಯದು.

ಸರ್ಕಾರದ ಕಡೆಯ ಕಾರಣಗಳೂ ಹುರುಳಿಲ್ಲದವಲ್ಲ. ಪಿಂಚಣಿಯ ಹೊರೆ ನಿಜ, ಸೈನ್ಯದ ಸರಾಸರಿ ವಯಸ್ಸು ಇಳಿಯಬೇಕೆಂಬುದೂ ನಿಜ, ಹದಿನಾರು ಸಾವಿರ ಅಡಿ ಎತ್ತರದಲ್ಲಿ ಕಾವಲು ನಿಲ್ಲಲು ಇಪ್ಪತ್ತರ ಮೊಣಕಾಲು ಬೇಕು. ಅಲ್ಪಾವಧಿ ಸೇವೆ ಇರಲೇಬೇಕೆಂದರೂ ಅದು ಎಲ್ಲರಿಗೂ ಒಂದೇ ಅಳತೆಯಾಗಬೇಕಿಲ್ಲ, ಟ್ರೇಡಿನ ರಿಜಿಸ್ಟರು ಇಲ್ಲಿ ಉಪಯೋಗಕ್ಕೆ ಬರುವುದು. ಡ್ರೈವರ್, ಕ್ಲರ್ಕ್, ಸ್ಟೋರ್‌ಕೀಪರುಗಳ ಕಸುಬು ಊರಿನಲ್ಲೂ ನಡೆಯುತ್ತದೆ. ನಾಲ್ಕು ವರ್ಷದ ನಂತರ ಹೊರಬಂದರೆ ಅವನಿಗೂ ಕೆಲಸ ಸಿಕ್ಕೀತು, ಸೇನೆಗೂ ಬದಲಿ ಸಿಕ್ಕೀತು. ಕ್ಷಿಪಣಿ, ರೇಡಾರುಗಳ ಟೆಕ್ನಿಕಲ್ ಟ್ರೇಡಿನವನಿಗೆ ಕೈ ಪಳಗುವ ಹೊತ್ತಿಗೇ ಅವಧಿ ಮುಗಿದಿರುತ್ತದೆ. ಅವನನ್ನು ಕಳಿಸುವುದು ಶುದ್ಧ ನಷ್ಟ. ಕಾಲಾಳು ಪಲ್ಟನಿನ ಜನರಲ್ ಡ್ಯೂಟಿ ಸಿಪಾಯಿಯ ಕಸುಬಿಗೆ ಹೊರಗೆ ಬೆಲೆಯೇ ಇಲ್ಲ, ಒಳಗೆ ಪಲ್ಟನಿನ ಹೆಸರು ನಿಂತಿರುವುದು ಅವನ ಮೇಲೆ. ಹಾಗಿದ್ದಾಗ ಎಲ್ಲ ಟ್ರೇಡುಗಳಿಗೂ ಒಂದೇ ಶೇ 25ರ ಗೆರೆ ಎಳೆಯುವುದಕ್ಕೆ ಲೆಕ್ಕದ ಅನುಕೂಲದ ಹೊರತು ಬೇರೆ ಸಮರ್ಥನೆ ನನಗೆ ಕಾಣುವುದಿಲ್ಲ. ಕ್ಲರ್ಕುಗಳಲ್ಲಿ ಕಡಿಮೆ, ಟೆಕ್ನಿಕಲ್‌ನಲ್ಲಿ ಹೆಚ್ಚು, ಕಾಲಾಳು ಪಲ್ಟನಿನಲ್ಲಿ ಅರ್ಧಕ್ಕಿಂತ ಮೇಲೆ ಎಂದು ಬೇರೆ ಬೇರೆ ಗೆರೆ ಎಳೆದರೆ ಒಟ್ಟು ಪಿಂಚಣಿಯ ಲೆಕ್ಕವನ್ನು ಹಿಡಿತದಲ್ಲಿಟ್ಟುಕೊಂಡೇ ಹವಾಲ್ದಾರರ ಸಾಲು ಬರಿದಾಗದಂತೆ ನೋಡಿಕೊಳ್ಳಬಹುದು. ಯೋಜನೆಯಡಿ ಭೂಸೇನೆಯ ಮೊದಲ ತಂಡದ ತರಬೇತಿ ಶುರುವಾದದ್ದು 2023ರ ಆರಂಭದಲ್ಲಿ. ಅವರಲ್ಲಿ ಉಳಿಯುವವರು ಯಾರು ಎಂಬ ಪಟ್ಟಿ ಸಿದ್ಧವಾಗುವ ಮೊದಲೇ ಈ ಗೆರೆಗಳನ್ನು ತಿದ್ದಬೇಕು. ತಂಡ ಊರಿಗೆ ಹೊರಟ ಮೇಲೆ ತಿದ್ದಿದರೆ ಆ ವರ್ಷದ ಸಿಪಾಯಿಗಳು ಮತ್ತೆ ಸಿಗುವುದಿಲ್ಲ.